ಒಟಿಪಿ ಅಪ್ಪನ ಫೋನಿಗೆ ಬರುತ್ತದೆ

ಕಾಲೇಜು ಸೇರುವ ಮೊದಲು ಮಕ್ಕಳಿಗೆ ಏನು ಕಲಿಸಬೇಕು ಅಂದರೆ ಎಲ್ಲರೂ ಕೋಡಿಂಗ್, ಸ್ಪೋಕನ್ ಇಂಗ್ಲಿಷ್ ಅನ್ನುತ್ತಾರೆ. ಇರಲಿ. ಅಡ್ಮಿಷನ್ ಕೌಂಟರ್‌ನಲ್ಲಿ ಕೂರುವ ನನ್ನಂಥವಳಿಗೆ ಕಾಣುವುದೇ ಬೇರೆ: ತಮ್ಮ ಕೆಲಸ ತಾವೇ ಮಾಡಿಕೊಳ್ಳಲು ಬಾರದ ಮಕ್ಕಳು.

"ನಿನ್ನ ಆರ್‌ಡಿ ನಂಬರ್ ಹೇಳಪ್ಪಾ" ಅಂದರೆ ಹುಡುಗ ಅಪ್ಪನ ಮುಖ ನೋಡುತ್ತಾನೆ. ಅಪ್ಪ ಫೈಲು ಬಿಚ್ಚುತ್ತಾರೆ. ಅಮ್ಮ ಉತ್ತರ ಹೇಳುತ್ತಾರೆ. ಫಿಸಿಕ್ಸ್‌ನಲ್ಲಿ ತೊಂಬತ್ತರ ಮೇಲೆ ತೆಗೆದ ಹುಡುಗನಿಗೆ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆ ನಂಬರ್ ಯಾಕೆ ಬೇಕು ಅಂತಲೂ ಗೊತ್ತಿಲ್ಲ. ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ, ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬೇಕಾದವನು ಅವನೇ ಅಲ್ವಾ? ದುಡ್ಡು ಬರುವುದು ಆಧಾರ್ ಸೀಡಿಂಗ್ ಆದ, ಅಂದರೆ ಆಧಾರ್ ಜೋಡಿಸಿದ ಖಾತೆಗೆ. ಅದು ಯಾವ ಬ್ಯಾಂಕಿನದು? ಮತ್ತೆ ಅಪ್ಪನ ಮುಖ. ಒಟಿಪಿ ಹೋಗುವುದೂ ಅಪ್ಪನ ಫೋನಿಗೇ. ಅಪ್ಪ ಡ್ಯೂಟಿಯಲ್ಲಿದ್ದರೆ ಆ ದಿನದ ಕೆಲಸ ಅಲ್ಲಿಗೇ ನಿಂತಿತು.

ಸಿಇಟಿ ಸೀಟಿನ ಕಥೆ ಇನ್ನೂ ಬೇಜಾರು. ಸೀಟು ಹಂಚಿಕೆಯಾದ ಮೇಲೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಾಲ್ಕು ಚಾಯ್ಸ್ ಕೊಡುತ್ತದೆ. ಎರಡನೆಯದು ಒತ್ತಿದರೆ ಸಿಕ್ಕ ಸೀಟು ಕೈಯಲ್ಲಿಟ್ಟುಕೊಂಡೇ ಇನ್ನೂ ಒಳ್ಳೆಯದಕ್ಕೆ ಕಾಯಬಹುದು. ಮೂರನೆಯದಕ್ಕೆ ಆ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗಬೇಕು. ಇಷ್ಟು ದೊಡ್ಡ ವ್ಯತ್ಯಾಸವನ್ನು ಎಷ್ಟೋ ಮನೆಗಳಲ್ಲಿ ತೀರ್ಮಾನಿಸುವವನು ಸೈಬರ್ ಸೆಂಟರ್ ಹುಡುಗ! ಎರಡು ವರ್ಷ ಓದಿ ತೆಗೆದ ರ‍್ಯಾಂಕ್, ಸೂಚನೆ ಓದುವುದಕ್ಕೆ ಹತ್ತು ನಿಮಿಷ ಇಲ್ಲ.

ಹಳ್ಳಿ ಕಡೆಯ ಮಕ್ಕಳು ಈ ವಿಷಯದಲ್ಲಿ ವಾಸಿ. ಮನೆಯವರಿಗೆ ಓದು ಬಾರದೆ ಇವರೇ ನಾಡಕಚೇರಿಯಲ್ಲಿ ಸಾಲು ನಿಂತಿರುತ್ತಾರೆ. "ಸರ್ವರ್ ಡೌನ್, ನಾಳೆ ಬಾ" ಅನ್ನಿಸಿಕೊಂಡು ಮಾರನೆ ದಿನ ಮತ್ತೆ ಹೋಗಿರುತ್ತಾರೆ. ಇಂಗ್ಲಿಷ್ ತಡವರಿಸಬಹುದು, ಆದರೆ "ಮೇಡಂ, ಇದಕ್ಕೆ ಸ್ಟಡಿ ಸರ್ಟಿಫಿಕೇಟ್ ಒರಿಜಿನಲ್ ಬೇಕಾ, ಜೆರಾಕ್ಸ್ ಸಾಕಾ?" ಅಂತ ಸರಿಯಾದ ಪ್ರಶ್ನೆಯನ್ನೇ ಕೇಳುತ್ತಾರೆ.

ನನಗೆ ಜಾಸ್ತಿ ಚಿಂತೆ ರೆಸಿಡೆನ್ಷಿಯಲ್ ಪಿಯು ಕಾಲೇಜುಗಳಿಂದ ಬರುವವರದ್ದು. ಏಳುವುದಕ್ಕೊಂದು ಬೆಲ್, ತಿನ್ನುವುದಕ್ಕೊಂದು ಬೆಲ್, ಓದುವುದಕ್ಕೊಂದು ಬೆಲ್. ಫೋನ್ ಇಲ್ಲ, ಕೈಯಲ್ಲಿ ಕಾಸಿಲ್ಲ. ಅಲ್ಲಿಂದ ಸೀದಾ ಬೆಂಗಳೂರಿನ ಪಿಜಿಗೆ ಬಂದರೆ ಎಬ್ಬಿಸುವವರೇ ಇಲ್ಲ. ಬೆಳಗಿನ ಕ್ಲಾಸು ತಪ್ಪುತ್ತದೆ, ತಿಂಗಳ ದುಡ್ಡು ಮೊದಲ ವಾರವೇ ಸ್ವಿಗ್ಗಿಗೆ ಹೋಗುತ್ತದೆ. ಇಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯು ಕೇಳುವ ಶೇ 85 ಹಾಜರಾತಿ ಕಡಿಮೆಯಾಗಿದೆ ಅಂತ ನೋಟಿಸ್ ಬಿದ್ದಾಗ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಹತ್ತಿರ ಮಾತಾಡುವುದಕ್ಕೂ ಅಮ್ಮನೇ ಬೇಕು. ಆ ತಾಯಿ ಕೆಲಸಕ್ಕೆ ರಜೆ ಹಾಕಿ ಹಾಸನದಿಂದ ಬಸ್ ಹತ್ತುತ್ತಾರೆ.