ಚಿಕ್ಕಪ್ಪನ ಅರ್ಧ ಕ್ಲಚ್ಚು

ಏರಿನಲ್ಲಿ ನಿಂತ ಕಾರಿನ ಹಿಂದೆ ಒಂದು ಮಾರು ಜಾಗ ಬಿಟ್ಟು ನಿಂತರೆ ಯಾರಪ್ಪನ ಗಂಟು ಹೋಗುತ್ತದೆ ಮಾರಾಯ್ರೆ? ಮಂಗಳೂರಿನ ಪಂಪ್‌ವೆಲ್ ದಾಟಿ ನಂತೂರಿಗೆ ಹತ್ತುವಾಗ ನಿಮಗೂ ಆಗಿರುತ್ತದೆ. ಹೆದ್ದಾರಿ 66ಕ್ಕೆ ಮೂಡುಬಿದಿರೆ ಕಡೆಯ 169 ಬಂದು ಸೇರುವ ಜಾಗ. ಮುಂದೆ ಗ್ಯಾಸ್ ಟ್ಯಾಂಕರು, ಎಡಕ್ಕೆ ಸಂದಿ ಹುಡುಕುವ ರಿಕ್ಷಾ, ಹಿಂದೆ ಬಸ್ಸು. ಕನ್ನಡಿಯಲ್ಲಿ ಆ ಬಸ್ಸಿನ ಡ್ರೈವರ್ ಕಾಣುವುದೇ ಇಲ್ಲ, ಅಷ್ಟು ಹತ್ತಿರ. ಮುಂಭಾಗದಲ್ಲಿ ಬರೆಸಿದ ದೇವರ ಹೆಸರು ಮಾತ್ರ ಕಾಣುತ್ತದೆ, ಅದೂ ತಿರುಗುಮುರುಗಾಗಿ. ಕ್ಲಚ್ ಇರುವ ಗಾಡಿ ಏರಿನಲ್ಲಿ ಹೊರಡುವಾಗ ಚೂರು ಹಿಂದೆ ಜಾರಬಹುದು ಅಂತ ಅವರಿಗೆ ಗೊತ್ತಿಲ್ಲವೇ? ಅವರೂ ಓಡಿಸುವುದು ಅಂಥದ್ದನ್ನೇ. ಗೊತ್ತಿದ್ದೂ ಬಂದು ಅಂಟಿಕೊಳ್ಳುತ್ತಾರಲ್ಲ, ನನಗೆ ಮಂಡೆಬಿಸಿ ಆಗುವುದು ಅದಕ್ಕೇ.

ಇದನ್ನಾದರೂ ಸಹಿಸಬಹುದು. ಮೊನ್ನೆ ಪಕ್ಕದ ಸೀಟಿನಲ್ಲಿ ಚಿಕ್ಕಪ್ಪ ಇದ್ದರು.

ಚಿಕ್ಕಪ್ಪ ವಿಜಯಾ ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ತಮ್ಮ ಮಾರುತಿ 800 ಮಾರಿ ಬಹಳ ಕಾಲವಾಯಿತು, ಆದರೆ ಕಾರು ಓಡಿಸುವುದನ್ನು ನಿಲ್ಲಿಸಿಲ್ಲ. ಈಗ ನನ್ನದನ್ನು ಪಕ್ಕದ ಸೀಟಿನಿಂದ ಓಡಿಸುತ್ತಾರೆ. ಹತ್ತಿ ಕೂತ ಕೂಡಲೇ ಚಪ್ಪಲಿ ಕಳಚುತ್ತಾರೆ. ಬರಿಗಾಲಿಗಷ್ಟೇ ಕ್ಲಚ್ಚಿನ ಮನಸ್ಸು ತಿಳಿಯುವುದಂತೆ. ನಾನು ಬ್ರೇಕ್ ಒತ್ತುವ ಮೊದಲೇ ಅವರ ಬಲಗಾಲು ಮ್ಯಾಟನ್ನು ಒತ್ತಿರುತ್ತದೆ. ಹೊರಡುವಾಗ ಎಡ ಹಿಮ್ಮಡಿ ಊರಿ, ಪಾದವನ್ನು ಮೆಲ್ಲ ಮೇಲೆತ್ತುತ್ತಾ, ಕಣ್ಣು ಅರ್ಧ ಮುಚ್ಚಿ, "ಬಿಡು... ಬಿಡು... ಹಾಂ, ಅಲ್ಲೇ ಹಿಡಿ!" ಆ "ಹಾಂ" ಬರುವಷ್ಟರಲ್ಲಿ ಕಾರು ಸೆಕೆಂಡ್ ಗೇರಿಗೆ ಬಂದಾಗಿರುತ್ತದೆ. ಆದರೂ ಹೊರಟದ್ದು ಅವರ ಹಾಂನಿಂದಲೇ ಎಂದು ಅವರ ದೃಢ ನಂಬಿಕೆ. ಆ ಕಡೆಯ ಮ್ಯಾಟು ಸವೆದು ನೂಲು ಕಾಣುತ್ತಿದೆ. ಪೆಡಲ್ ಇರುವ ಕಡೆಯದ್ದಕ್ಕೆ ಎಂತದೂ ಆಗಿಲ್ಲ.

ಅವರ ಪಾಠ ತಪ್ಪಲ್ಲ, ಅದೇ ತೊಂದರೆ. ಗಾಡಿ ನಿಂತಿದ್ದರೂ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಲೇ ಇರುತ್ತದೆ, ಚಕ್ರ ಮಾತ್ರ ಅಲ್ಲಾಡುವುದಿಲ್ಲ. ಎರಡನ್ನೂ ಒಮ್ಮೆಗೇ ಗಂಟು ಹಾಕಿದರೆ ಎಂಜಿನ್ ಎರಡು ಸಲ ಕುಕ್ಕಿ ಆಫ್. ಚಕ್ರದ ಕಡೆಯ ಕ್ಲಚ್ ಪ್ಲೇಟು ಎಂಜಿನ್ ಕಡೆಯ ಫ್ಲೈವೀಲನ್ನು ಮೊದಲು ಸವರಿ, ಜಾರಿ, ಆಮೇಲೆ ಗಟ್ಟಿ ಹಿಡಿಯಬೇಕು. "ಕಾಲು ಮೆಲ್ಲ ತೆಗಿ ಮಾರಾಯ, ನಮ್ಮ ಬ್ಯಾಂಕನ್ನು ವಿಲೀನ ಮಾಡಿದ ಹಾಗೆ ಮಾಡಬೇಡ" ಎನ್ನುತ್ತಾರೆ.

1931ರಲ್ಲಿ ಮಂಗಳೂರಲ್ಲೇ ಹುಟ್ಟಿದ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ತಾರೀಕು ಏಪ್ರಿಲ್ 1. ನಾನು ನಕ್ಕಿದ್ದೆ, ಅವರು ನಗಲಿಲ್ಲ. ತಾವು ಕೂರುತ್ತಿದ್ದ ಶಾಖೆಯ ಎದುರು ಹೋಗುವಾಗ ಈಗಲೂ ಬೋರ್ಡಿನ ಕಡೆ ನೋಡದೆ "ಗೇರ್ ಬದಲಾಯಿಸು" ಎನ್ನುತ್ತಾರೆ. ಅಲ್ಲಿ ಏರೂ ಇಲ್ಲ, ತಿರುವೂ ಇಲ್ಲ. ನಾನು ಸುಮ್ಮನೆ ಸೆಕೆಂಡಿಗೆ ಹಾಕುತ್ತೇನೆ.

ಮೊನ್ನೆಯ ವಿಷಯಕ್ಕೆ ಬರುತ್ತೇನೆ. ನಂತೂರು ಏರಿನ ನಡುಮಧ್ಯೆ ಟ್ಯಾಂಕರು ನಿಂತಿತು, ನಾನು ನಿಂತೆ, ಬಸ್ಸು ಬಂದು ಅಂಟಿತು, ಹಾರ್ನ್ ಶುರು. ಚಿಕ್ಕಪ್ಪ ಗಾಜು ಇಳಿಸಿ ತಲೆ ಹೊರಗೆ ಹಾಕಿದರು. "ಒಂತೆ ಪಿರ ಪೋಲೆ!" ತುಳುವಿನಲ್ಲಿ, ಸ್ವಲ್ಪ ಹಿಂದೆ ಹೋಗಿ ಅಂತ.

ಫುಟ್‌ಬೋರ್ಡಿನಿಂದ ಕಂಡಕ್ಟರನ ಉತ್ತರ ಬಂತು: "ಪಿರ ಓಡೆಗ್ ಪೋಪಿನಿ? ಲಾರಿ ಉಂಡು!" ಹಿಂದೆ ಎಲ್ಲಿಗೆ ಹೋಗುವುದು, ಲಾರಿ ಉಂಟು ಅಂತ.

ನ್ಯಾಯವಾದ ಮಾತೇ. ಆದರೆ ಚಿಕ್ಕಪ್ಪನಿಗೆ ಮರ್ಯಾದೆಯ ಪ್ರಶ್ನೆಯಾಯಿತು. ನಾನು "ಬೇಡ ಚಿಕ್ಕಪ್ಪ" ಅನ್ನುವುದರೊಳಗೆ ಬಾಗಿಲು ತೆಗೆದು, ಇಳಿದು, ಡಬ್ಬೆಂದು ಮುಚ್ಚಿ, ಪಂಚೆ ಎತ್ತಿ ಕಟ್ಟಿ, ಕಾರಿಗೂ ಬಸ್ಸಿಗೂ ನಡುವೆ ಬರಿಗಾಲಲ್ಲಿ ನಿಂತುಬಿಟ್ಟರು. ಒಂದು ಕೈ ಬಸ್ಸಿನ ಮೂತಿಗೆ ಅಡ್ಡ, ಇನ್ನೊಂದು ಕೈಯಲ್ಲಿ ನನಗೆ ಸನ್ನೆ: ಬಿಡು... ಬಿಡು... ಅಷ್ಟರಲ್ಲಿ ಟ್ಯಾಂಕರು ಹೊರಟಿತು. ಅವರು ಹಿಂದೆ ನಿಂತಿರುವಾಗ ಒಂದು ಅಂಗುಲ ಜಾರಿದರೂ ಕೇಸು! ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಹಾಕಿ, ಬಾನೆಟ್ಟು ತುಸು ತಲೆಯೆತ್ತುವವರೆಗೆ ಕ್ಲಚ್ ಬಿಟ್ಟು, ಅಕ್ಸಿಲರೇಟರ್ ಸೋಕಿಸಿ, ಹ್ಯಾಂಡ್‌ಬ್ರೇಕ್ ಇಳಿಸಿದೆ. ಕಾರು ಬೆಣ್ಣೆಯಲ್ಲಿ ತೆಗೆದ ಕೂದಲು. ನೋಡಬೇಕಾದವರು ಮಾತ್ರ ರಸ್ತೆಯಲ್ಲಿ.

ಆ ಏರಿನಲ್ಲಿ ಮತ್ತೆ ನಿಲ್ಲಿಸಲು ಯಾರು ಬಿಡುತ್ತಾರೆ? ವೃತ್ತ ದಾಟಿ ಬದಿಗೆ ಹಾಕಿ ಕಾದೆ. ಪಕ್ಕದ ಸೀಟಿನ ಕೆಳಗೆ ಅವರ ಚಪ್ಪಲಿ. ಸ್ವಲ್ಪ ಹೊತ್ತಿಗೆ ಅದೇ ಬಸ್ಸು ಬಂತು, ಕಂಡಕ್ಟರ್ ಸೀಟಿ ಊದಿದ, ಚಿಕ್ಕಪ್ಪ ಇಳಿದರು. ಕಂಡಕ್ಟರನಿಗೆ ಕೈ ಬೀಸಿ ಬೇರೆ ಬಂದರು.

ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡು, "ಆ ಡ್ರೈವರ್ ಕ್ಲಚ್ ಬಿಡುವುದು ನೀನು ನೋಡಬೇಕಿತ್ತು" ಎಂದರು. "ಎಂತ ನಯ ಮಾರಾಯ! ಏರಿನಲ್ಲಿ ಅಷ್ಟು ದೊಡ್ಡ ಬಸ್ಸು, ಒಂಚೂರು ಹಿಂದೆ ಬರಲಿಲ್ಲ."

ಟಿಕೇಟಿನ ದುಡ್ಡನ್ನು ನನ್ನಿಂದಲೇ ವಸೂಲಿ ಮಾಡಿದರು.