ಯಾವ ತಿಂಗಳ ನೀರು?

ಆಫೀಸಿನಿಂದ ಬಂದು ಎರಡು ಗಂಟೆ ಆಯಿತು. ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಕೆಲಸ, ಪರಿಸರ ಮತ್ತು ಸಮಾಜದ ವಿಚಾರದಲ್ಲಿ ಕಂಪನಿ ಹೇಗೆ ನಡೆದುಕೊಂಡಿತು ಅಂತ ವರ್ಷಕ್ಕೊಮ್ಮೆ ಹೇಳುವ ಬಿಆರ್‌ಎಸ್‌ಆರ್ ವರದಿಗೆ ನೀರು, ಕರೆಂಟು, ಕಸದ ಲೆಕ್ಕ ಕೂಡಿಸುವುದು. ಷೇರುಪೇಟೆಯಲ್ಲಿ ಮೌಲ್ಯದ ಲೆಕ್ಕದಲ್ಲಿ ಮೊದಲ 1000 ಕಂಪನಿಗಳಿಗೆ, ಆ ಪೇಟೆಯನ್ನು ನಿಯಂತ್ರಿಸುವ ಸೆಬಿ 2022-23ರಿಂದ ಇದನ್ನು ಕಡ್ಡಾಯ ಮಾಡಿದೆ. ನದಿ-ಕೆರೆಯಿಂದ ಎಷ್ಟು, ಬೋರ್‌ನಿಂದ ಎಷ್ಟು, ಹೊರಗಿನವರಿಂದ ಎಷ್ಟು ಅಂತ ಕೇಳುತ್ತಾರೆ. ಇಡೀ ವರ್ಷದ್ದು ಒಟ್ಟಿಗೆ, ಕಿಲೋಲೀಟರಿನಲ್ಲಿ.

ನಾನು ಕೆಳಗೆ ಎರಡು ಸಾಲು ಸೇರಿಸಿದ್ದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬೋರ್ ಬತ್ತಿತ್ತು, ಟ್ಯಾಂಕರ್ ತರಿಸಿದೆವು ಅಂತ. ದೊಡ್ಡ ಸಾಹೇಬರು ಅದನ್ನು ಹೊಡೆದು ಹಾಕಿದರು. "ಕೇಳಿದ್ದಕ್ಕಷ್ಟೇ ಉತ್ತರ ಕೊಡಮ್ಮ. ಅಂಕಿ ಸರಿ ಇದೆಯಲ್ಲ, ಸಾಕು." ಮೈಸೂರಿನವರೇ, ಒಳ್ಳೆಯವರೇ. ಆದರೆ ಹುಟ್ಟಿದಾಗಿನಿಂದ ಅವರಿಗೆ ನಲ್ಲಿ ತಿರುಗಿಸಿದರೆ ನೀರು.

ಪಕ್ಕದಲ್ಲಿದ್ದ ಫೈನಾನ್ಸ್ ಮುಖ್ಯಸ್ಥರು ರಾಜಸ್ಥಾನದವರು, ಮರುಭೂಮಿಯ ಬಾಡ್ಮೇರ್ ಕಡೆ. ಹಾಳೆ ನೋಡಿ ಒಂದೇ ಪ್ರಶ್ನೆ ಕೇಳಿದರು. "ಟ್ಯಾಂಕರ್ ಎಲ್ಲಿ ತುಂಬಿಸಿಕೊಂಡು ಬಂತು?" ಅವರ ಅಜ್ಜಿ ಮನೆಯಲ್ಲಿ ಟಾಂಕಾ ಇತ್ತಂತೆ, ನೆಲದೊಳಗಿನ ಮಳೆನೀರಿನ ತೊಟ್ಟಿ. ಅಜ್ಜಿ ಅದರ ಮುಚ್ಚಳಕ್ಕೆ ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರಂತೆ.

ನನಗೆ ತಟ್ಟನೆ ನಮ್ಮಪ್ಪ ನೆನಪಾದರು. ಮಳವಳ್ಳಿ ಕಡೆ, ಕೆಆರ್‌ಎಸ್ ಅಣೆಕಟ್ಟಿನಿಂದ ಬರುವ ವಿಸಿ ನಾಲೆಯ ಕೊನೇ ಭಾಗ. ಸರದಿಯ ಕಟ್ಟು ನೀರು ಬಿಟ್ಟ ದಿನ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು, ನೀರು ಹಂಚುವ ನೀರುಗಂಟಿ ಬರುವವರೆಗೂ ತೂಬಿನ ಹತ್ತಿರ ನಿಲ್ಲುತ್ತಿದ್ದರು. ವರ್ಷಕ್ಕೆ ಎಷ್ಟು ನೀರು ಬಂತು ಅಂತ ಅವರು ಯಾವತ್ತೂ ಲೆಕ್ಕ ಹಾಕಿದವರಲ್ಲ. ಭತ್ತ ಹೊಡೆ ಬರುವಾಗ ಗದ್ದೆಯಲ್ಲಿ ನೀರು ಇತ್ತೋ ಇಲ್ಲವೋ, ಅದೇ ಲೆಕ್ಕ. 2023ರಲ್ಲಿ ಕೆಆರ್‌ಎಸ್ ತನ್ನ ಪೂರ್ತಿ ಮಟ್ಟ 124.80 ಅಡಿ ಮುಟ್ಟಲೇ ಇಲ್ಲ. ಆ ವರ್ಷ ಭತ್ತ ಬೆಳೆದವರನ್ನು ಕೇಳಿ, ತಿಂಗಳು ತಿಂಗಳಿಗೂ ಹೇಳುತ್ತಾರೆ.

ಫಾರ್ಮ್ ಎಲ್ಲರಿಗೂ ಒಂದೇ, ಬೆಳೆದ ಊರಿಗೂ ಅದಕ್ಕೂ ಏನು ಸಂಬಂಧ ಅಂತ ಕೆಲವರು ಕೇಳಬಹುದು. ಸಂಬಂಧ ಇದೆ! ನೀರಿಗೆ ಕಷ್ಟ ಇರುವ ಜಾಗದಿಂದ ಎಷ್ಟು ತೆಗೆದಿರಿ ಅನ್ನುವ ಪ್ರಶ್ನೆ ಅದೇ ಫಾರ್ಮಿನಲ್ಲಿದೆ, ಇಷ್ಟ ಇದ್ದರೆ ತುಂಬಿ ಅನ್ನುವ ಭಾಗದಲ್ಲಿ. ಆ ಇಷ್ಟ ಯಾರದು? ಮೇಲೆ ಕೂತವರದು. ಅವರು ಬೆಳೆದ ಬಗೆ, ಕಂಡುಂಡದ್ದು ಕಂಪನಿಯ ತೀರ್ಮಾನದಲ್ಲಿ ಕಾಣುತ್ತದೆ ಅಂತ ಅಮೆರಿಕದ ಮ್ಯಾನೇಜ್‌ಮೆಂಟ್ ವಿದ್ವಾಂಸರಾದ ಹ್ಯಾಂಬ್ರಿಕ್ ಮತ್ತು ಮೇಸನ್ 1984ರಲ್ಲೇ ಬರೆದಿದ್ದರು. ಇವತ್ತು ನಾನು ಅದನ್ನು ಒಂದೇ ಮೇಜಿನ ಮೇಲೆ ನೋಡಿದೆ. ಕನ್ನಡದವರು, ಹೊರಗಿನವರು ಅನ್ನುವ ಮಾತಲ್ಲ ಇದು. ನೀರಿಗೆ ಕಾದವರು, ಕಾಯದವರು ಅಷ್ಟೇ.

ಇನ್ನೊಂದು ಮಾತು ಹೇಳದೆ ಇರಲಾರೆ. ಹಿಂದಿನ ವರ್ಷವೂ ಟ್ಯಾಂಕರ್ ಬಿಲ್ಲು ಕೂಡಿಸಿದ್ದು ನಾನೇ. 'ಹೊರಗಿನವರಿಂದ' ಅನ್ನುವ ಸಾಲಿಗೆ ಹಾಕಿ ಸುಮ್ನೆ ಮುಂದೆ ಹೋದೆ. ಯಾರ ಊರಿನ ಬೋರ್ ನೀರು ಅದು ಅಂತ ನಾಲೆ ದಂಡೆಯಲ್ಲಿ ಬೆಳೆದ ನನಗೇ ಹೊಳೆಯಲಿಲ್ಲ. ಅದು ಜಾಸ್ತಿ ನೋವು ಕೊಡುತ್ತಿದೆ.

ನಾಳೆ ಬೆಳಗ್ಗೆ ಟ್ಯಾಂಕರಿನವರಿಗೆ ಫೋನ್ ಮಾಡುತ್ತೇನೆ. ಊರು, ತಿಂಗಳು, ಎಷ್ಟು ಲೋಡು, ಮೂರನ್ನೂ ಬರೆದುಕೊಂಡು ಆ ಸಾಲುಗಳನ್ನು ಮತ್ತೆ ಸೇರಿಸುತ್ತೇನೆ. ಹೊಡೆದು ಹಾಕಿದರೆ ಮತ್ತೊಮ್ಮೆ ಸೇರಿಸುತ್ತೇನೆ.