ಬೆಣ್ಣೆಗೆ ಅಪ್ಪಣೆ, ಹೊಟ್ಟೆಗೆ ವೈರಾಗ್ಯ

ಬಸವಣ್ಣನವರನ್ನು ಕರ್ನಾಟಕದ ಮಾರ್ಟಿನ್ ಲೂಥರ್ ಅಂತ ಕರೆಯುವವರು ಇನ್ನೂ ಇದ್ದಾರೆ. ಜರ್ಮನಿಗೆ ಬಂದು ನೆಲೆಸಿದ ಮೇಲೆ ಆ ಮಾತು ಕೇಳಿದರೆ ನನಗೆ ಸ್ವಲ್ಪ ಕಿರಿಕಿರಿ. 12ನೇ ಶತಮಾನದವರಿಗೆ 16ನೇ ಶತಮಾನದ ಜರ್ಮನ್ ಧರ್ಮಸುಧಾರಕನ ಹೆಸರಿಡುವುದು ಯಾವ ಲೆಕ್ಕ? ಅಜ್ಜನನ್ನು ಮೊಮ್ಮಗನ ಹೆಸರಿನಿಂದ ಗುರುತಿಸಿದ ಹಾಗೆ. ಆದರೆ ಹೋಲಿಕೆಯಲ್ಲಿ ಹುರುಳೇ ಇಲ್ಲ ಅಂತಲೂ ಹೇಳಲಾರೆ. ಉಪವಾಸ, ಜಾಗರಣೆ, ದೇಹದಂಡನೆ ಎಲ್ಲವನ್ನೂ ದೇವರ ಖಾತೆಗೆ ಜಮಾ ಮಾಡುವ ವ್ಯವಹಾರ ಕಂಡು ಇಬ್ಬರಿಗೂ ಸಿಟ್ಟು ಬಂದಿತ್ತು. ಆ ಸಿಟ್ಟು ಆಮೇಲೆ ಏನಾಯಿತು ಅನ್ನುವುದರಲ್ಲೇ ವ್ಯತ್ಯಾಸ ಇರುವುದು.

ಶಾಲೆಯಲ್ಲಿ ನಾವೆಲ್ಲ ಕ್ಷಮಾಪತ್ರದ ಪಾಠ ಓದಿದ್ದೇವೆ. ದುಡ್ಡು ಕೊಟ್ಟರೆ ಪಾಪದ ಶಿಕ್ಷೆ ಮಾಫಿ, ಅದನ್ನು ವಿರೋಧಿಸಿ 1517ರಲ್ಲಿ ಲೂಥರನ 95 ವಾದಗಳು, ಇತ್ಯಾದಿ. ಬೆಣ್ಣೆಯ ಕತೆ ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಈಸ್ಟರ್‌ಗೆ ಮುಂಚಿನ 40 ದಿನದ ಉಪವಾಸದಲ್ಲಿ ಆಗ ಮಾಂಸ ಮಾತ್ರ ಅಲ್ಲ, ಬೆಣ್ಣೆಯನ್ನೂ ಮುಟ್ಟುವಂತಿರಲಿಲ್ಲ. ಇಟಲಿಯವರಿಗೆ ಏನು ಕಷ್ಟ, ಅವರಿಗೆ ಆಲಿವ್ ಎಣ್ಣೆ ಇತ್ತು. ಉತ್ತರದ ಚಳಿಯಲ್ಲಿ ಆಲಿವ್ ಎಲ್ಲಿಂದ ಬರಬೇಕು? ಕೊನೆಗೆ 1491ರಲ್ಲಿ ಪೋಪ್ 8ನೇ ಇನ್ನೊಸೆಂಟ್ ಜರ್ಮನಿಯ ಸ್ಯಾಕ್ಸನಿಯವರಿಗೆ ಬೆಣ್ಣೆ ತಿನ್ನಲು ಅಪ್ಪಣೆ ಕೊಟ್ಟ. ಸುಮ್ನೆ ಅಲ್ಲ, ದುಡ್ಡು ಕಟ್ಟಬೇಕು, ಆ ದುಡ್ಡು ಫ್ರೈಬರ್ಗ್‌ನ ಚರ್ಚು ಕಟ್ಟುವುದಕ್ಕೆ. ಫ್ರಾನ್ಸಿನ ರುವಾನ್‌ನಲ್ಲಿ ಚರ್ಚಿನ ಒಂದು ಗೋಪುರಕ್ಕೆ ಇವತ್ತಿಗೂ ಬೆಣ್ಣೆ ಗೋಪುರ ಅಂತಲೇ ಹೆಸರು. 1520ರಲ್ಲಿ ಲೂಥರ್ ಇದನ್ನೇ ಹಿಡಿದು ಬರೆದ: ರೋಮಿನವರು ತಾವು ಬೂಟಿಗೂ ಸವರದಂಥ ಎಣ್ಣೆಯನ್ನು ನಮಗೆ ತಿನ್ನಿಸುತ್ತಾರೆ, ಆಮೇಲೆ ಬೆಣ್ಣೆ ತಿನ್ನುವ ಸ್ವಾತಂತ್ರ್ಯವನ್ನು ನಮಗೇ ಮಾರುತ್ತಾರೆ ಅಂತ.

ಈ ಮನುಷ್ಯ ಸುಖಪುರುಷನಾಗಿ ಈ ಮಾತು ಆಡಿದವನಲ್ಲ. ಎರ್ಫುರ್ಟ್ ಮಠದಲ್ಲಿ ಸನ್ಯಾಸಿಯಾಗಿ ಉಪವಾಸ, ಚಳಿ, ನಿದ್ದೆಗೇಡು ಎಲ್ಲ ಅನುಭವಿಸಿದವನು. ಸನ್ಯಾಸದಿಂದ ಸ್ವರ್ಗ ಸಿಗುವುದಾದರೆ ನನಗೆ ಸಿಗಬೇಕಿತ್ತು ಅಂತ ಆಮೇಲೆ ಹೇಳಿಕೊಂಡ. 1525ರಲ್ಲಿ, ಮಠ ಬಿಟ್ಟು ಓಡಿಬಂದಿದ್ದ ಕಥರೀನಾ ಫಾನ್ ಬೋರಾಳನ್ನು ಮದುವೆಯಾದ. ಇಬ್ಬರೂ ಸಂಸಾರ ಹೂಡಿದ್ದು ವಿಟ್ಟೆನ್‌ಬರ್ಗ್‌ನಲ್ಲಿ ಅವನು ಸನ್ಯಾಸಿಯಾಗಿದ್ದ ಅದೇ ಮಠದ ಕಟ್ಟಡದಲ್ಲಿ. ಆಕೆ ಅಲ್ಲಿ ಬಿಯರ್ ಕಾಯಿಸುತ್ತಿದ್ದಳು, ಆತ ಊಟದ ಮೇಜಿನಲ್ಲಿ ಶಿಷ್ಯರ ಜೊತೆ ಹರಟುತ್ತಿದ್ದ.

ಇಡೀ ಸುಧಾರಣೆಯ ಕತೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಮಾತ್ರ ಜ್ಯೂರಿಕ್‌ನ ಸಾಸೇಜ್ ಪ್ರಸಂಗ. 1522ರ ಮಾರ್ಚ್, ಉಪವಾಸದ ಮೊದಲ ಭಾನುವಾರ. ಕ್ರಿಸ್ಟೋಫ್ ಫ್ರೋಶೌವರ್ ಅನ್ನುವ ಮುದ್ರಕನ ಮನೆಯಲ್ಲಿ ಒಂದಷ್ಟು ಜನ ಸೇರಿ, ಒಣಗಿದ ಎರಡು ಸಾಸೇಜನ್ನು ಚೂರು ಚೂರು ಮಾಡಿ ಹಂಚಿಕೊಂಡು ತಿಂದರು. ಎರಡೇ ಎರಡು. ಯಾರ ಹೊಟ್ಟೆಯೂ ತುಂಬಿರಲಾರದು. ಪಾದ್ರಿ ಉಲ್ರಿಶ್ ಜ್ವಿಂಗ್ಲಿ ಅಲ್ಲೇ ಕೂತಿದ್ದ, ತಾನು ಮುಟ್ಟಲಿಲ್ಲ. (ಜಾಣ!) ವಿಷಯ ನಗರಸಭೆಗೆ ಹೋಯಿತು. ಮುದ್ರಕ ಕೊಟ್ಟ ವಿವರಣೆ ಓದಿದರೆ ಖುಷಿಯಾಗುತ್ತದೆ: ಫ್ರಾಂಕ್‌ಫರ್ಟ್ ಪುಸ್ತಕ ಸಂತೆಗೆ ಕೆಲಸ ಮುಗಿಸಬೇಕು, ಹಗಲೂ ರಾತ್ರಿ ದುಡಿಯುತ್ತಿದ್ದೇವೆ, ಬರೀ ಗಂಜಿಯಲ್ಲಿ ಆಗುವುದಿಲ್ಲ, ದಿನಾ ಮೀನು ಕೊಳ್ಳುವ ಶಕ್ತಿಯೂ ಇಲ್ಲ. ಎರಡು ವಾರದಲ್ಲಿ ಜ್ವಿಂಗ್ಲಿ ಪ್ರವಚನ ಮಾಡಿದ. ಉಪವಾಸ ಮಾಡುವವರು ಮಾಡಿ, ಮಾಂಸ ಬಿಡುವವರು ಬಿಡಿ, ಆದರೆ ಅದನ್ನು ಕಾನೂನು ಮಾಡಬೇಡಿ ಅನ್ನುವುದು ಅದರ ಸಾರ.

ಇದೇ ಹೊತ್ತಿಗೆ ನಮ್ಮಲ್ಲಿ ಏನಾಗುತ್ತಿತ್ತು? ಲೂಥರ್ ಹುಟ್ಟಿದ್ದು 1483ರಲ್ಲಿ. ಪುರಂದರದಾಸರು 1484ರಲ್ಲಿ ಅಂತ ನಂಬಿಕೆ. ಇವರೂ ಅದೇ ರೋಗವನ್ನು ಗುರುತಿಸಿದರು. ಬೆಳಗಿನ ಜಾವ ಎದ್ದು, ಗಡಗಡ ನಡುಗುತ್ತ ನದಿಯಲ್ಲಿ ಮುಳುಗಿ, ಒಳಗೆ ಮದ ಮತ್ಸರ ತುಂಬಿಕೊಂಡು ಪಕ್ಕದವರಿಗೆ ಬೆರಗು ಹುಟ್ಟಿಸುವವನ ವೈರಾಗ್ಯವನ್ನು ಅವರು ‘ಉದರ ವೈರಾಗ್ಯ’ ಅಂತ ಹಾಡಿದರು. ಹೊಟ್ಟೆಪಾಡಿನ ವೈರಾಗ್ಯ! ಬೈಗುಳದಲ್ಲಿ ಲೂಥರನೂ ಕಡಿಮೆಯೇನಲ್ಲ, ಆದರೆ ದಾಸರದು ಎರಡೇ ಶಬ್ದದಲ್ಲಿ ಮುಗಿಯುತ್ತದೆ.

ಬಸವಣ್ಣನವರಂತೂ ಅವರಿಗಿಂತ ನಾನೂರು ವರ್ಷ ಮೊದಲೇ ‘ಇಂದ್ರಿಯ ನಿಗ್ರಹವ ಮಾಡಿದರೆ ಹೊಂದುವುವು ದೋಷಂಗಳು’ ಅಂದುಬಿಟ್ಟಿದ್ದರು. ಅದುಮಿಟ್ಟದ್ದು ಮುಂದೆ ಬಂದು ಕಾಡುತ್ತದೆ ಅಂತ. ಸಂಸಾರದ ಸುಖ ಬಿಡದೆಯೇ ಭಕ್ತರಾದವರ ಹೆಸರುಗಳನ್ನು ಅದೇ ವಚನದಲ್ಲಿ ಮುಂದಿಡುತ್ತಾರೆ.

ನನಗೆ ಇವರೆಲ್ಲರಿಗಿಂತ ಧೈರ್ಯವಂತ ಅನಿಸುವುದು ಮೂಡಬಿದಿರೆಯ ರತ್ನಾಕರವರ್ಣಿ. 16ನೇ ಶತಮಾನದವನು, ಜೈನ ಕವಿ. ಜೈನರೆಂದರೆ ತ್ಯಾಗದ ಕೊನೆಯ ಮೆಟ್ಟಿಲು, ಅಲ್ವಾ? ಇಂಥ ಕಡೆ ನಿಂತು ಅವನು ಸಾವಿರಾರು ಸಾಂಗತ್ಯ ಪದ್ಯಗಳ ‘ಭರತೇಶ ವೈಭವ’ ಬರೆದ, ಮೊದಲ ಭಾಗಕ್ಕೆ ‘ಭೋಗವಿಜಯ’ ಅಂತ ಹೆಸರಿಟ್ಟ. ಚಕ್ರವರ್ತಿ ಭರತ ರಾಣಿಯರ ಜೊತೆ ಉಣ್ಣುತ್ತಾನೆ, ಹಾಡು ಕೇಳುತ್ತಾನೆ, ಸರಸವಾಡುತ್ತಾನೆ, ಇದರ ನಡುವೆಯೇ ಕಣ್ಣು ಮುಚ್ಚಿ ತನ್ನೊಳಗನ್ನು ನೋಡಿಕೊಳ್ಳುತ್ತಾನೆ. ಎಲ್ಲವನ್ನೂ ಬಿಟ್ಟು ವರ್ಷಗಟ್ಟಲೆ ನಿಂತು, ಮೈಮೇಲೆ ಬಳ್ಳಿ ಹಬ್ಬಿಸಿಕೊಂಡ ಬಾಹುಬಲಿಗೆ ಭರತನ ನೆಲದ ಮೇಲೆ ನಿಂತಿದ್ದೇನೆ ಎಂಬ ಒಂದು ಅಳುಕು ಅಡ್ಡಬಂತಂತೆ. ಭರತನಿಗೆ ಮಾತ್ರ ದೀಕ್ಷೆ ತೊಟ್ಟ ಸ್ವಲ್ಪ ಹೊತ್ತಿಗೇ ಜ್ಞಾನ ಸಿಕ್ಕಿತು. ಇಷ್ಟು ನಿರಾಳವಾಗಿ ಭೋಗದ ಪರ ವಾದಿಸಿದ ಧಾರ್ಮಿಕ ಕಾವ್ಯ ಯುರೋಪಿನಲ್ಲಿ ಆ ಕಾಲದಲ್ಲಿ ನನಗಂತೂ ಸಿಕ್ಕಿಲ್ಲ.

ಹಾಗಾದರೆ ನಮ್ಮವರೇ ಮೇಲು ಅಂತ ಎದೆ ತಟ್ಟಿಕೊಳ್ಳೋಣವೇ? ನನಗೆ ಆ ಆತುರವಿಲ್ಲ. ನಮ್ಮವರು ನಕ್ಕರು, ಹಾಡಿದರು, ಆದರೆ ವ್ರತಗಳು ಹಾಗೇ ಉಳಿದವು. ಉದರ ವೈರಾಗ್ಯದ ಪದವನ್ನು ಭಕ್ತಿಯಿಂದ ಹಾಡಿ, ಆಮೇಲೆ ತನ್ನ ಏಕಾದಶಿಯ ವರದಿ ಒಪ್ಪಿಸುವವರನ್ನು ನಾನೂ ನೀವೂ ನೋಡಿದ್ದೇವೆ. ಜ್ಯೂರಿಕ್‌ನಲ್ಲಿ ಹಾಗಾಗಲಿಲ್ಲ. 1523ರಲ್ಲಿ ನಗರಸಭೆ ಜ್ವಿಂಗ್ಲಿಯ ಬೆನ್ನಿಗೆ ನಿಂತಿತು, ಎರಡು ವರ್ಷದಲ್ಲಿ ಹಳೆಯ ಪೂಜಾವಿಧಿಯೇ ಹೋಯಿತು. ಬಸವಣ್ಣನವರ ಕಲ್ಯಾಣದಲ್ಲಿ ದೊರೆ ಬಿಜ್ಜಳನೇ ವಿರೋಧಿಯಾಗಿ ನಿಂತ. ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸರ ಮನೆಗಳ ನಡುವಿನ ಮದುವೆಗೆ ಶರಣರು ಪ್ರಾಣ ತೆತ್ತರು ಅಂತ ಪರಂಪರೆ ಹೇಳುತ್ತದೆ. ಹಾಗಾಗಿ ಅವರು ಗಂಭೀರ ಜನ, ನಾವು ಹಾಡುವ ಜನ ಅನ್ನುವುದೆಲ್ಲ ಬೊಗಳೆ. ಅಧಿಕಾರ ಯಾರ ಪಕ್ಕ ಇತ್ತು ಅನ್ನುವುದೇ ಜಾಸ್ತಿ ಮುಖ್ಯ.

ಅಧಿಕಾರ ಸಿಕ್ಕಿದ್ದರ ಫಲವನ್ನೂ ಯುರೋಪಿನ ಸುಧಾರಕರು ಉಂಡರು. ಉಪವಾಸದ ಕಾನೂನು ಬೇಡ ಅಂದವರ ಮಕ್ಕಳ ಕಾಲದೊಳಗೇ ಇನ್ನೊಬ್ಬ ಸುಧಾರಕ ಕಾಲ್ವಿನನ ಜಿನೀವಾದಲ್ಲಿ ಕುಣಿದವರನ್ನು ಕರೆಸಿ ವಿಚಾರಣೆ ಮಾಡುವ ಧರ್ಮಸಭೆ ಬಂತು. ಇಂಗ್ಲೆಂಡಿನಲ್ಲಿ ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಪ್ರಾಟೆಸ್ಟಂಟರ ಕೈ ಮೇಲಾದಾಗ 1642ರಲ್ಲಿ ನಾಟಕಶಾಲೆಗಳಿಗೆ ಬೀಗ ಬಿತ್ತು, 1647ರಲ್ಲಿ ಕ್ರಿಸ್‌ಮಸ್ ಹಬ್ಬವೇ ರದ್ದಾಯಿತು. ಮೊದಲು ಉಪವಾಸಕ್ಕೆ ಅಂತ ಗೊತ್ತಾದ ದಿನಗಳಿದ್ದವು, ಉಳಿದ ದಿನ ಕುಡಿದು ಕುಣಿಯಬಹುದಿತ್ತು. ಈಗ 365 ದಿನವೂ ಬಿಗಿ. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಹೇಳಿದ್ದು ಇದನ್ನೇ: ವೈರಾಗ್ಯ ಮಠದ ಬಾಗಿಲು ಹಾಕಿಕೊಂಡು ಸಂತೆಬೀದಿಗೆ ಇಳಿಯಿತು.

ಜರ್ಮನಿಯಲ್ಲಿ ಈಗ ಇದರ ಇನ್ನೊಂದು ತಮಾಷೆ ನಡೆಯುತ್ತಿದೆ. 1983ರಿಂದ ಲೂಥರನ ಪರಂಪರೆಯ ಚರ್ಚೇ ‘ಏಳು ವಾರ ಅದಿಲ್ಲದೆ’ ಅನ್ನುವ ಅರ್ಥದ ಉಪವಾಸ ಅಭಿಯಾನ ನಡೆಸುತ್ತದೆ. ಚರ್ಚಿಗೆ ಕಾಲಿಡದವರೂ ಸೇರುತ್ತಾರೆ. ಒಬ್ಬರು ಚಾಕೊಲೇಟ್ ಬಿಡುತ್ತಾರೆ, ಒಬ್ಬರು ಬಿಯರ್, ಒಬ್ಬರು ಫೋನು. ಕಡ್ಡಾಯವಿಲ್ಲ, ಬೇಕಾದವರು ಮಾಡಿ, ಬೇಡವಾದವರು ಬಿಡಿ. ಜ್ವಿಂಗ್ಲಿ ಕೇಳಿದ್ದೂ ಇಷ್ಟನ್ನೇ ತಾನೇ? ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ಏಳು ವಾರವೂ ಊಟದ ಬಿಡುವಿನಲ್ಲಿ ತಾವು ಏನು ಬಿಟ್ಟಿದ್ದೇವೆ, ಎಷ್ಟು ದಿನವಾಯಿತು ಅಂತ ಒಬ್ಬರಿಗೊಬ್ಬರು ಲೆಕ್ಕ ಒಪ್ಪಿಸುವುದರ ಬಗ್ಗೆ. ದಾಸರ ಪದವನ್ನು ಜರ್ಮನ್‌ಗೆ ಅನುವಾದಿಸಿ ಆಫೀಸಿನ ನೋಟಿಸ್ ಬೋರ್ಡಿಗೆ ಅಂಟಿಸುವ ಆಸೆಯಾಗುತ್ತದೆ.